ಕಂಪ್ಯೂಟರ್ ಚಾಲೂ ಆಗ್ತಿಲ್ವಾ? ಎಲ್ಲಿವರೆಗೆ ಬಂದು ನಿಂತಿದೆ ನೋಡಿ

ಜೂನ್ ಮೊದಲ ವಾರ ನಮ್ಮ ಕಡೆ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಏಪ್ರಿಲ್‌ನಲ್ಲಿ ಬೀಗ ಹಾಕಿದ ಕಂಪ್ಯೂಟರ್ ಕೋಣೆಯ ಬಾಗಿಲು ಆಗ ತೆರೆಯುತ್ತದೆ. ಅಕ್ಕೋರು, ಅಂದರೆ ಟೀಚರ್, ಬಟ್ಟೆಯ ಕವರ್ ತೆಗೆದು ಒಂದೊಂದೇ ಗುಂಡಿ ಒತ್ತುತ್ತಾ ಹೋಗುತ್ತಾರೆ. ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ. ಆ ವಾರ ನನ್ನ ಫೋನಿಗೆ ಬರುವ ಮಾತು ಒಂದೇ. "ತಮಾ, ಕಂಪ್ಯೂಟರ್ ಚಾಲೂ ಆಗ್ತಾ ಇಲ್ಲ. ಹೋಯ್ತು ಕಾಣ್ತದೆ."

ಕುಮಟಾ, ಅಂಕೋಲಾ ಸುತ್ತಮುತ್ತ ಸುಮಾರು ವರ್ಷಗಳಿಂದ ಈ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಹೀಗೆ "ಹೋದ" ಕಂಪ್ಯೂಟರುಗಳಲ್ಲಿ ನಿಜಕ್ಕೂ ಹೋದವು ಕಡಿಮೆ. ಜಾಸ್ತಿಯವು ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಂತುಬಿಟ್ಟಿರುತ್ತವೆ. ಅದಕ್ಕೇ ನಾನು ಮೊದಲು ಕೇಳುವುದು "ಏನು ಹಾಳಾಗಿದೆ" ಅಂತ ಅಲ್ಲ, "ಎಲ್ಲಿವರೆಗೆ ಬಂದು ನಿಂತಿದೆ" ಅಂತ.

ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೆ ಗುಡ್ಡದ ಒರತೆಯಿಂದ ನೀರು ಇಳಿದು ಬರುತ್ತದಲ್ಲ, ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ, ಈಗ ಪೈಪಿನಲ್ಲಿ. ನೀರು ನಿಂತರೆ ಯಾರೂ ಬಚ್ಚಲ ಹಂಡೆ ಬದಲಿಸುವುದಿಲ್ಲ. ಪೈಪಿನ ಗುಂಟ ಗುಡ್ಡ ಹತ್ತುತ್ತಾರೆ. ನಡುವೆ ಒಂದು ಜೋಡಣೆ ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರಿದ್ದರೆ ತೊಂದರೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಕಂಪ್ಯೂಟರ್ ನೋಡುವುದೂ ಹೀಗೇ. ಅದಕ್ಕೆ ಮೊದಲು ಪೈಪು ಎಲ್ಲೆಲ್ಲಿ ಹಾದುಹೋಗುತ್ತದೆ ಅಂತ ಗೊತ್ತಿರಬೇಕು, ಅಷ್ಟೆ.

ಗುಂಡಿ ಒತ್ತಿದಾಗ ಒಳಗೆ ನಡೆಯುವುದು

ಗೋಡೆಯಿಂದ 230 ವೋಲ್ಟ್ ಕರೆಂಟು ಮೊದಲು ಸಿಪಿಯು ಡಬ್ಬಿಯ ಹಿಂದಿರುವ ಎಸ್‌ಎಂಪಿಎಸ್‌ಗೆ ಬರುತ್ತದೆ. (ಡಬ್ಬಿಗೇ ಸಿಪಿಯು ಅನ್ನುವುದು ಎಲ್ಲರ ರೂಢಿ, ನಾನೂ ಹಾಗೇ ಅನ್ನುತ್ತೇನೆ.) ಎಸ್‌ಎಂಪಿಎಸ್ ಅದನ್ನು 12, 5 ಮತ್ತು 3.3 ವೋಲ್ಟಿನ ಡಿಸಿ ಕರೆಂಟಾಗಿ ಇಳಿಸಿ ಕೊಡುತ್ತದೆ. ಸಿಪಿಯು ಬಂದ್ ಇದ್ದಾಗಲೂ, ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದರೆ, ಒಂದು ಸಣ್ಣ 5 ವೋಲ್ಟ್ ಸದಾ, ಒಳಗಿನ ಭಾಗಗಳೆಲ್ಲ ಜೋಡಿಸಿಕೊಳ್ಳುವ ದೊಡ್ಡ ಹಲಗೆ ಅಂದರೆ ಮದರ್‌ಬೋರ್ಡಿಗೆ ಹೋಗುತ್ತಿರುತ್ತದೆ.

ಡಬ್ಬಿಯ ಮುಂಭಾಗದ ಗುಂಡಿ ಗೋಡೆಯ ಸ್ವಿಚ್ಚಿನ ಹಾಗಲ್ಲ, ಅದು ಬರೀ ಕರೆಗಂಟೆ. ಒತ್ತಿದರೆ ಮದರ್‌ಬೋರ್ಡಿಗೆ ಸುದ್ದಿ ಹೋಗುತ್ತದೆ. ಅದು ಒಂದು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ "ಶುರು ಮಾಡು" ಅನ್ನುತ್ತದೆ. ಎಸ್‌ಎಂಪಿಎಸ್ ಚಾಲೂ ಆಗಿ, ವೋಲ್ಟೇಜ್ ಸರಿಯಾಗಿ ನಿಂತ ಮೇಲೆ ಬೂದು ತಂತಿಯಲ್ಲಿ "ಎಲ್ಲ ಸರಿ" ಅನ್ನುತ್ತದೆ. ಆಮೇಲೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು, ಪ್ರೊಸೆಸರ್, ಎಚ್ಚರಾಗುತ್ತದೆ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುವ ಬಯೋಸ್ ಅನ್ನುವ ಶುರುವಿನ ಪ್ರೋಗ್ರಾಂ ತಾತ್ಕಾಲಿಕ ನೆನಪಿನ ಪಟ್ಟಿ ಅಂದರೆ ರ‍್ಯಾಮ್ ನೋಡುತ್ತದೆ, ಸ್ಕ್ರೀನಿಗೆ ಚಿತ್ರ ಕಳಿಸುವ ಭಾಗ ನೋಡುತ್ತದೆ, ಡಿಸ್ಕ್ ಹುಡುಕುತ್ತದೆ. ಡಿಸ್ಕ್ ಸಿಕ್ಕರೆ ವಿಂಡೋಸ್‌ಗೆ ಕೆಲಸ ಒಪ್ಪಿಸುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡಿನಲ್ಲಿ.

ಈ ದಾರಿ ತಲೆಯಲ್ಲಿದ್ದರೆ ಕಂಪ್ಯೂಟರ್ ತಾನೇ ಮಾತಾಡುತ್ತದೆ. ಫ್ಯಾನ್ ತಿರುಗಿದರೆ ಕರೆಂಟು ಎಸ್‌ಎಂಪಿಎಸ್ ದಾಟಿದೆ. ಸ್ಕ್ರೀನಿನಲ್ಲಿ ಕಂಪನಿಯ ಗುರುತು ಬಂದರೆ ಪ್ರೊಸೆಸರೂ ರ‍್ಯಾಮೂ ಬದುಕಿವೆ. ಇನ್ನು ಅವುಗಳ ಮೇಲೆ ಅನುಮಾನ ಪಡುತ್ತಾ ಕೂರುವುದು ಬೇಡ.

ಏನೂ ಇಲ್ಲ, ಒಂದು ಲೈಟೂ ಇಲ್ಲ

ಹಾಗಾದರೆ ತೊಂದರೆ ದಾರಿಯ ಮೊದಲಲ್ಲೇ ಇದೆ. ಅದೇ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಲ್ಯಾಂಪ್ ಉರಿದರೆ ಮುಂದೆ ಹೋಗಿ. ಮಾನಿಟರಿನ ಪವರ್ ತಂತಿಯೂ ಸಿಪಿಯು ತಂತಿಯೂ ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ಅದಲು ಬದಲು ಮಾಡಿದರೆ ತಂತಿ ಸರಿ ಇದೆಯೋ ಇಲ್ಲವೋ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಎಸ್‌ಎಂಪಿಎಸ್ ಹಿಂದೆ ಸಣ್ಣ ಕಪ್ಪು ಸ್ವಿಚ್ ಇದ್ದರೆ ಅದರ ಗೆರೆ ಇರುವ ಕಡೆ ಒತ್ತಿರಬೇಕು, ಸೊನ್ನೆಯ ಕಡೆ ಅಲ್ಲ. ಗುಡಿಸುವಾಗ, ಒರೆಸುವಾಗ ಕೈ ತಾಗಿ ಅದು ಬಂದ್ ಆಗಿರುತ್ತದೆ.

ಅಲ್ಲೇ ಪಕ್ಕದಲ್ಲಿ ಹಳೆಯ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಕೆಂಪು ಸ್ವಿಚ್ ಒಂದಿರುತ್ತದೆ. 115 ಮತ್ತು 230 ಅಂತ ಬರೆದಿರುತ್ತದೆ. ಅದನ್ನು ಮುಟ್ಟಲೇಬೇಡಿ. 115ಕ್ಕೆ ಸರಿಸಿ ನಮ್ಮ ಕರೆಂಟು ಕೊಟ್ಟರೆ ಢಬ್ ಅಂತ ಶಬ್ದ ಬಂದು ಸುಟ್ಟು ಹೋಗುತ್ತದೆ. ಮಕ್ಕಳಿರುವ ಕಡೆ ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ.

ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಬಗ್ಗೆ ಒಂದು ಮಾತು. ಮನೆಯ ಸಣ್ಣ ಯುಪಿಎಸ್‌ನಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದು ಸೋಲುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ, ಗೋಡೆಯಲ್ಲಿ ಕರೆಂಟು ಇದ್ದರೂ ಎಷ್ಟೋ ಯುಪಿಎಸ್‌ಗಳು ಏಳುವುದೇ ಇಲ್ಲ. ಜನ ಸಿಪಿಯು ಕೆಟ್ಟಿತು ಅಂದುಕೊಳ್ಳುತ್ತಾರೆ. ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ.

ಇಷ್ಟಾದರೂ ಏಳಲಿಲ್ಲವಾ? ಪ್ಲಗ್ ತೆಗೆದು ಮುಂದಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದೆ. ಮತ್ತೆ ಪ್ಲಗ್ ಹಾಕಿ ಒತ್ತಿ. ಕರೆಂಟು ಹೋಗಿ ಬಂದ ಮೇಲೆ ನಿಂತ ಸಿಪಿಯು ಎಷ್ಟೋ ಸಲ ಇಷ್ಟಕ್ಕೇ ಎದ್ದಿದೆ.

ಮುಂದಿನದು ಎಸ್‌ಎಂಪಿಎಸ್ ಒಂದನ್ನೇ ನೋಡುವ ಪರೀಕ್ಷೆ. ಇದನ್ನು ನಿಧಾನಕ್ಕೆ ಮಾಡಿ, ಮೊದಲ ಸಲವಾದರೆ ಗೊತ್ತಿದ್ದವರು ಪಕ್ಕದಲ್ಲಿರಲಿ. ಗೋಡೆಯ ಪ್ಲಗ್ ತೆಗೆಯಿರಿ. ಮದರ್‌ಬೋರ್ಡಿಗೆ ಹೋಗುವ 24 ತೂತಿನ ದೊಡ್ಡ ಕನೆಕ್ಟರನ್ನು ಕ್ಲಿಪ್ ಒತ್ತಿ ಬಿಚ್ಚಿ. ಉಳಿದ ತಂತಿಗಳನ್ನೂ ಬಿಚ್ಚಿ, ಫ್ಯಾನ್ ಒಂದಿರಲಿ. ಆ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಇರುತ್ತದೆ, ಕಪ್ಪು ತಂತಿ ಹಲವು. ಕಾಗದದ ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ ಒಂದು ತುದಿ ಹಸಿರಿನ ತೂತಿಗೆ, ಇನ್ನೊಂದು ತುದಿ ಕಪ್ಪಿನ ತೂತಿಗೆ ಹಾಕಿ. ಆಮೇಲಷ್ಟೇ ಪ್ಲಗ್ ಹಾಕಿ ಸ್ವಿಚ್ ಆನ್ ಮಾಡಿ. ಮದರ್‌ಬೋರ್ಡು ಹೇಳಬೇಕಾಗಿದ್ದ "ಶುರು ಮಾಡು" ಅನ್ನುವ ಮಾತನ್ನು ಈಗ ಕ್ಲಿಪ್ ಹೇಳುತ್ತಿದೆ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಹೋಗಿದೆ. ಕೆಲವು ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪೇ ಇರುತ್ತದೆ. ಅಂಥದ್ದಕ್ಕೆ ಅಂದಾಜಿನ ಮೇಲೆ ಕ್ಲಿಪ್ ಹಾಕಬೇಡಿ.

ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಗಟ್ಟಿ ಇದೆ ಅಂತಲೂ ಅಲ್ಲ. ಮಲ್ಟಿಮೀಟರ್ ಇದ್ದರೆ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಅದರಿಂದ ಆಚೆ ಹೋದರೆ ಬದಲಿಸಿ. ಬದಲಿಸುವಾಗ ಹೆಸರು, ಗ್ಯಾರಂಟಿ ಇಲ್ಲದ ಅಗ್ಗದ ಡಬ್ಬಿ ಬೇಡ. ಕರೆಂಟು ಆಡುವ ನಮ್ಮ ಊರಿನಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಜಾಸ್ತಿ ಹಿಡಿದಿಟ್ಟುಕೊಂಡಿರಬಹುದು. ಬೆಚ್ಚಗಿನ ಜಾಗ ಅಂತ ಹಲ್ಲಿ ಒಳಗೆ ಹೊಕ್ಕು ಶಾರ್ಟ್ ಆಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ತೆಗೆಯಲೂ ನೀವು ಕೈ ಹಾಕಬೇಡಿ.

ಫ್ಯಾನ್ ತಿರುಗ್ತದೆ, ಸ್ಕ್ರೀನ್ ಕಪ್ಪು

ನನಗೆ ಬರುವ ಕರೆಗಳಲ್ಲಿ ಜಾಸ್ತಿ ಇದೇ, ಅದರಲ್ಲೂ ಮಳೆಗಾಲದಲ್ಲಿ.

ಮೊದಲು ಮಾನಿಟರ್. ಅದರ ಲೈಟು ಕಿತ್ತಳೆ ಬಣ್ಣಕ್ಕಿದ್ದರೆ ಅಥವಾ ಮಿಣುಕುತ್ತಿದ್ದರೆ ಕರೆಂಟು ಇದೆ, ಚಿತ್ರ ಬರುತ್ತಿಲ್ಲ ಅಂತ ಹೆಚ್ಚಿನವುಗಳಲ್ಲಿ ಅರ್ಥ. ತಂತಿ ಎರಡೂ ಕಡೆ ಗಟ್ಟಿಯಾಗಿ ಕೂತಿದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಸಿಪಿಯುನಲ್ಲಿ ಎರಡು ಕಡೆ ಎಚ್‌ಡಿಎಂಐ ತೂತು ಇರುತ್ತದೆ. ತಂತಿ ಕಾರ್ಡಿನ ತೂತಿಗೇ ಹೋಗಬೇಕು. ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡಿ. ಅದರ ಲೈಟು ಹತ್ತಿ ಆರುತ್ತಿದ್ದರೆ ಸಿಪಿಯು ಎಚ್ಚರವಾಗಿದೆ, ಚಿತ್ರ ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ. ಲೈಟು ಕದಲದಿದ್ದರೆ ರ‍್ಯಾಮ್ ಕಡೆ ಬನ್ನಿ.

ನಮ್ಮ ಕರಾವಳಿಯ ಸಮಸ್ಯೆ ಇರುವುದು ಇಲ್ಲೇ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಡುಗೆಮನೆಯ ಸಾಣಿಕಟ್ಟಾ ಉಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ನೀರಾಗುತ್ತದಲ್ವಾ? ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ಆ ನೀರನ್ನು ಎಳೆದುಕೊಳ್ಳುತ್ತದೆ. ಸಮುದ್ರದ ಗಾಳಿ ಹೊತ್ತು ತರುವ ಉಪ್ಪಿನ ಕಣಗಳು ಬೇಸಿಗೆಯಿಡೀ ಸಿಪಿಯು ಒಳಗಿನ ಧೂಳಿನ ಜೊತೆ ಕೂತಿರುತ್ತವೆ. ಮಳೆ ಹಿಡಿದ ಕೂಡಲೇ ಅವೂ ಒದ್ದೆಯಾಗುತ್ತವೆ. ಉಪ್ಪುನೀರು ಕರೆಂಟು ಹಾಯಿಸುತ್ತದೆ, ಲೋಹವನ್ನೂ ತಿನ್ನುತ್ತದೆ. ರ‍್ಯಾಮಿನ ಕಾಲುಗಳಿಗೆ ಚಿನ್ನದ ಲೇಪ ಇರುತ್ತದೆ, ಆದರೆ ಅದು ಬಹಳ ತೆಳು. ಅದರ ಸಂದಿಯಿಂದ ಉಪ್ಪುನೀರು ಕೆಳಗಿನ ತಾಮ್ರಕ್ಕೆ ಇಳಿಯುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ಈ ಉಪ್ಪಿನ ಕಾಟ ಇಲ್ಲ. ಅಲ್ಲಿ ಬೂಷ್ಟು ಮತ್ತು ಒದ್ದೆ ಧೂಳು.

ಕಳೆದ ಮಳೆಗಾಲದಲ್ಲಿ ಅಘನಾಶಿನಿ ದಂಡೆಯ ಒಂದು ಮನೆಗೆ ಹೋಗಿದ್ದೆ. ಸಿಪಿಯು ಗೋಡೆಗೆ ಒತ್ತಿಕೊಂಡು ನೆಲದ ಮೇಲೇ ಇತ್ತು. ಫ್ಯಾನ್ ತಿರುಗುತ್ತಿತ್ತು, ಸ್ಕ್ರೀನ್ ಕಪ್ಪು. ಪ್ಲಗ್ ತೆಗೆದೆ, ಪಕ್ಕದ ತಗಡು ಸರಿಸಿದೆ. ಕೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲಿ ಅಂತ ಡಬ್ಬಿಯ ಬರಿ ಲೋಹವನ್ನು ಒಮ್ಮೆ ಮುಟ್ಟಿದೆ. ರ‍್ಯಾಮಿನ ಕ್ಲಿಪ್ ಒತ್ತಿ ಪಟ್ಟಿಯನ್ನು ಮೇಲೆತ್ತಿದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು. ಹಳದಿಯಾಗಿ ಹೊಳೆಯಬೇಕಾದ ಕಾಲುಗಳ ಸಾಲು ಮಂಕಾಗಿತ್ತು, ಒಂದು ಮೂಲೆಯ ನಾಲ್ಕೈದು ಕಾಲುಗಳ ಬುಡದಲ್ಲಿ ಹಸಿರು ಚುಕ್ಕೆ. ಹಳೆಯ ತಾಮ್ರದ ಚೊಂಬಿನ ಅಂಚಿಗೆ ಕಟ್ಟುತ್ತದಲ್ಲ, ಅದೇ ಹಸಿರು.

ಮಕ್ಕಳ ಕಂಪಾಸಿನಲ್ಲಿ ಸಿಗುವ ಮೆತ್ತಗಿನ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ, ಮೇಲಿನಿಂದ ತುದಿಯ ಕಡೆಗೆ, ಹಗುರವಾಗಿ ಉಜ್ಜಿದೆ. ಶಾಯಿ ಅಳಿಸುವ ಗರಗರ ರಬ್ಬರ್ ಬೇಡ, ಅದು ಚಿನ್ನದ ಲೇಪವನ್ನೇ ಕಿತ್ತುಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಅದು ಆರುವವರೆಗೆ ಕಾದೆ. ಸ್ಲಾಟಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದೆ. ಬಾಯಿಂದ ಊದಬಾರದು, ಉಸಿರಿನಲ್ಲೂ ನೀರಿದೆ. ಕಚ್ಚು ನೋಡಿ ಪಟ್ಟಿಯನ್ನು ನೇರ ಇಟ್ಟು ಎರಡೂ ತುದಿಗೆ ಹೆಬ್ಬೆರಳಿನಿಂದ ಒತ್ತಿದೆ. ಕ್ಲಿಪ್ ಟಕ್ ಅಂದಿತು. ಆ ಶಬ್ದ ಬರಲೇಬೇಕು. ಎಷ್ಟೋ ಜನ ಮುರಿದೀತು ಅಂತ ಹೆದರಿ ಅರ್ಧಕ್ಕೇ ಬಿಡುತ್ತಾರೆ, ಅರ್ಧ ಕೂತ ರ‍್ಯಾಮ್ ಕೂರದ ಹಾಗೇ ಲೆಕ್ಕ. ಗುಂಡಿ ಒತ್ತಿದೆ. ಒಂದೈದು ಸೆಕೆಂಡು ಕಪ್ಪು, ಆಮೇಲೆ ಸ್ಕ್ರೀನಿನಲ್ಲಿ ಬಿಳಿ ಅಕ್ಷರ.

ರ‍್ಯಾಮ್ ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿಯೂ ನೋಡಿ. ಹೊಸ ಮದರ್‌ಬೋರ್ಡುಗಳಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಸಣ್ಣ ಲೈಟುಗಳಿದ್ದರೆ ಇನ್ನೂ ಸುಲಭ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್ ಹೀಗೆ ಒಂದೊಂದಕ್ಕೂ ಒಂದು. ಯಾವ ಲೈಟು ಆರದೆ ಉಳಿಯಿತೋ ಅಲ್ಲಿ ನಿಂತಿದೆ ಅಂತ ಅರ್ಥ. ಹಳೆಯವು ಬೀಪ್ ಅನ್ನುತ್ತವೆ, ಆದರೆ ಎಷ್ಟು ಬೀಪಿಗೆ ಏನು ಅರ್ಥ ಅನ್ನುವುದು ಬಯೋಸ್ ಕಂಪನಿಗೆ ತಕ್ಕಂತೆ ಬೇರೆ ಬೇರೆ.

ಎದ್ದ ಹಾಗೆ ಮಾಡಿ ತಕ್ಷಣ ಆರುವುದು ಬೇರೆ ಕಥೆ. ಪ್ರೊಸೆಸರಿನ ಮೇಲಿನ ಫ್ಯಾನ್ ಅಲುಗಾಡುತ್ತದಾ, ತಿರುಗುತ್ತದಾ, ಅದರ ಕೆಳಗಿನ, ಬಿಸಿ ದಾಟಿಸುವ ಪೇಸ್ಟ್ ಒಣಗಿದೆಯಾ ನೋಡಿ. ಪ್ರೊಸೆಸರಿನ ಪಕ್ಕದ 4 ಅಥವಾ 8 ತೂತಿನ ಪವರ್ ತಂತಿಯನ್ನೂ ಬಿಚ್ಚಿ ಮತ್ತೆ ಒತ್ತಿ.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ

ಬೇಸರದ ಸಂಗತಿ ಇದು. ಸಿಪಿಯು ಹೊತ್ತು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಗುಂಡಿ ಒತ್ತಿದರೆ ಸರಿಯಾಗೇ ಏಳುತ್ತದೆ. ಮನೆಗೆ ತಂದರೆ ಮತ್ತೆ ಇಲ್ಲ. ಅಂಗಡಿಯವರು ಮೋಸ ಮಾಡಿದರು ಅನ್ನಿಸುತ್ತದೆ. ಆದರೆ ನೀವು ಒಯ್ದದ್ದು ಡಬ್ಬಿ ಮಾತ್ರ. ಸಾಕೆಟ್, ಯುಪಿಎಸ್, ತಂತಿ, ಮಾನಿಟರ್ ಎಲ್ಲ ಮನೆಯಲ್ಲೇ ಉಳಿದವು. ಅಂಗಡಿಯ ಮೇಜಿನ ಮೇಲೆ ಅದು ಎದ್ದಿತು ಅಂದರೆ ತೊಂದರೆ ಮನೆಯಲ್ಲಿ ಉಳಿದದ್ದರಲ್ಲೇ ಇರುವ ಸಾಧ್ಯತೆ ಜಾಸ್ತಿ. ಇಲ್ಲವೇ ಬಸ್ಸಿನ ಕುಲುಕಾಟಕ್ಕೆ ಸಡಿಲ ರ‍್ಯಾಮ್ ಹೋಗುವಾಗ ಕೂತಿರುತ್ತದೆ, ಬರುವಾಗ ಎದ್ದಿರುತ್ತದೆ.

ಮನೆಯ ಕರೆಂಟಿನಲ್ಲಿ ಮೊದಲು ನೋಡಬೇಕಾದ್ದು ಅರ್ತಿಂಗ್. ಸಿಪಿಯು ತಗಡು ಮುಟ್ಟಿದರೆ ಕೈ ಜುಂ ಅನ್ನುತ್ತದಾ? ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ ಸೋಸುವ ಸಣ್ಣ ಕೆಪಾಸಿಟರುಗಳಿವೆ. ಅವು ಒಂದು ಚೂರು ಕರೆಂಟನ್ನು ಅರ್ತ್ ತಂತಿಗೆ ಬಿಡುತ್ತವೆ. ಅರ್ತ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ, ನೀವು ಮುಟ್ಟಿದರೆ ನಿಮ್ಮ ಮೂಲಕ ಇಳಿಯುತ್ತದೆ. ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನದಕ್ಕೆ ಸಿಕ್ಕಿಸಿದ ಮನೆಗಳಲ್ಲಿ ಇದು ಸಾಮಾನ್ಯ. ನಮ್ಮ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಒಣ ನೆಲ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಅರ್ತಿಂಗ್ ಹೊಂಡಕ್ಕೆ ಆಗಾಗ ಒಂದೆರಡು ಕೊಡ ನೀರು ಹಾಕಿ. ಜುಂ ಅನ್ನುವುದು ನಿಲ್ಲದಿದ್ದರೆ ವೈರಿಂಗ್ ಮಾಡುವವರನ್ನು ಕರೆಸಿ.

ಎರಡನೆಯದು ಮರ ಬೀಳುವುದು. ಲೈನಿನ ಮೇಲೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಕೆಲವು ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯುತ್ತವೆ, ಕೆಲವು ಮಂಕಾಗುತ್ತವೆ, ಫ್ಯಾನ್ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಹಾಗೆ ಕಂಡ ಕೂಡಲೇ ಯೋಚನೆ ಮಾಡದೆ ಮೇನ್ ಸ್ವಿಚ್ ಇಳಿಸಿ.

ಮೂರನೆಯದು ಸಿಡಿಲು. ಮಳೆಗಾಲದ ಮೊದಲು ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಂಜೆ ಹೊತ್ತು ಗುಡುಗು ಬರುತ್ತದಲ್ಲ, ಆಗ. ಗೋಡೆಯ ಸ್ವಿಚ್ ಬಂದ್ ಮಾಡಿದರೆ ಸಾಲದು. ಅದರ ಒಳಗಿನ ಸಂದು ಕೆಲವೇ ಮಿಲಿಮೀಟರ್, ಅಷ್ಟು ದೂರದಿಂದ ಬಂದ ಸಿಡಿಲಿಗೆ ಅದು ಲೆಕ್ಕವೇ ಅಲ್ಲ. ಪ್ಲಗ್ ಕಿತ್ತು ದೂರ ಇಡಿ. ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನೂ ಕೀಳಿ. ಫೈಬರ್ ಆದರೂ ಬಿಡಬೇಡಿ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಅದರ ಡಬ್ಬಿಯ ಅಡಾಪ್ಟರ್ ಗೋಡೆಯಲ್ಲೇ ಇರುತ್ತದೆ. ಅಲ್ಲಿಂದ ಲ್ಯಾನ್ ತಂತಿಯ ಮೂಲಕ ಮದರ್‌ಬೋರ್ಡಿಗೆ ಬರುತ್ತದೆ.

ಅಕ್ಷರ ಬರ್ತದೆ, ವಿಂಡೋಸ್ ಬರೋದಿಲ್ಲ

ಇಲ್ಲಿಗೆ ಬಂದಿದೆ ಅಂದರೆ ಅರ್ಧ ಗೆದ್ದ ಹಾಗೆ. ಡಿಸ್ಕ್ ಸಿಗುತ್ತಿಲ್ಲ ಅಂತ ಬರೆದಿದ್ದರೆ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಡಿಸ್ಕಿನ ಎರಡೂ ತಂತಿ ಬಿಚ್ಚಿ ಮತ್ತೆ ಒತ್ತಿ.

ಶಾಲೆಯ ಕಂಪ್ಯೂಟರುಗಳಲ್ಲಿ ನಾನು ಜಾಸ್ತಿ ಕಾಣುವುದು ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯ ತೊಂದರೆ. ಸಿಆರ್ 2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟಿನದು. ಪ್ಲಗ್ ಹಾಕಿದ್ದಾಗ ಗಡಿಯಾರ ನಡೆಸುವ ಕೆಲಸ ಎಸ್‌ಎಂಪಿಎಸ್‌ನದ್ದು, ತೆಗೆದರೆ ಈ ಬ್ಯಾಟರಿಯದ್ದು. ಎರಡು ತಿಂಗಳ ರಜೆಯಲ್ಲಿ ಸೋತ ಬ್ಯಾಟರಿ ಪೂರ್ತಿ ಮಲಗುತ್ತದೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ವೆಬ್‌ಸೈಟುಗಳು ತೆರೆಯುವುದಿಲ್ಲ. ಬಯೋಸ್ ಸೆಟ್ಟಿಂಗೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಡಿಸ್ಕ್ ಓದುವ ರೀತಿ ಬದಲಾಗಿ ವಿಂಡೋಸ್ ಅಲ್ಲೇ ನಿಲ್ಲಬಹುದು. ಹೊಸ ಬ್ಯಾಟರಿ ಹಾಕಿ, ಚಾಲೂ ಮಾಡುವಾಗ ಡಿಲೀಟ್ ಅಥವಾ ಎಫ್ 2 ಒತ್ತಿ ಬಯೋಸ್‌ಗೆ ಹೋಗಿ ತಾರೀಖು ಸರಿ ಮಾಡಿ. ಡಿಸ್ಕಿನ ಸೆಟ್ಟಿಂಗ್ ಹಿಂದೆ ಹೇಗಿತ್ತೋ ಹಾಗೇ ಇಡಿ. ಹಿಂದಿನದು ನೆನಪಿರುವುದಿಲ್ಲ ಅಲ್ವಾ? ಸರಿಯಾಗಿ ನಡೆಯುತ್ತಿರುವಾಗಲೇ ಬಯೋಸ್ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.

ರಜೆ ಇರಲಿ, ಇಲ್ಲದಿರಲಿ, ಮಳೆಗಾಲದಲ್ಲಿ ಗುಡುಗಿಲ್ಲದ ಹೊತ್ತು ನೋಡಿ ಎರಡು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಕಂಪ್ಯೂಟರ್ ಚಾಲೂ ಇಡಿ. ಅದರ ಬಿಸಿಗೆ ಅದೇ ಒಣಗುತ್ತದೆ. ಸಿಪಿಯುವನ್ನು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಬಿಸಿ ಇರುವಾಗ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೇ ಬೆವರುತ್ತದೆ.

ಇನ್ನು ಫೋಟೊ, ಲೆಕ್ಕ, ಮಕ್ಕಳ ಅಂಕಪಟ್ಟಿ. ಗಾಬರಿಯೆಲ್ಲ ಇದಕ್ಕೇ ಅಂತ ನನಗೆ ಗೊತ್ತು. ಎಸ್‌ಎಂಪಿಎಸ್ ಅಥವಾ ರ‍್ಯಾಮ್ ಕೈಕೊಟ್ಟರೆ ಅವು ಸಾಮಾನ್ಯವಾಗಿ ಎಲ್ಲೂ ಹೋಗುವುದಿಲ್ಲ, ಡಿಸ್ಕಿನಲ್ಲಿ ಇದ್ದ ಹಾಗೇ ಇರುತ್ತವೆ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆಯಬಹುದು. ಹೊಸ ವಿಂಡೋಸ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ಅದನ್ನು ಇವತ್ತೇ ಹುಡುಕಿ ಕಾಗದದಲ್ಲಿ ಬರೆದಿಡಿ. ಆದರೆ ಡಿಸ್ಕಿನಿಂದಲೇ ಟಿಕ್ ಟಿಕ್ ಶಬ್ದ ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಅಲ್ಲಿಗೇ ಬಂದ್ ಮಾಡಿ, ಡೇಟಾ ತೆಗೆಯುವ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಕೊಡುವಾಗ ಫಾರ್ಮ್ಯಾಟ್ ಮಾಡಬೇಡಿ ಅಂತ ಬಾಯಲ್ಲಿ ಹೇಳಿ, ಡಬ್ಬಿಯ ಮೇಲೂ ಬರೆದು ಅಂಟಿಸಿ.